ಸಣ್ಣ ಕೊಳವೆಗೆ ಬೇಕಾದ ಬ್ರಷ್

ಬ್ರಷ್ಷು ಯಾವಾಗಲೂ ನೀರಿನ ಒಳಗೇ ಆಡಬೇಕು. ದವಾಖಾನೆಯಲ್ಲಿ ನನಗೆ ಕಲಿಸಿದ ಮೊದಲ ಪಾಠ ಅದು. ನೀರಿನ ಮೇಲೆತ್ತಿ ತಿಕ್ಕಿದರೆ ಕಣ್ಣಿಗೆ ಕಾಣದಂಥ ಹನಿಗಳು ಸಿಡಿದು ಮುಖಕ್ಕೆ, ಗೋಡೆಗೆ, ಪಕ್ಕದಲ್ಲಿ ತೊಳೆದಿಟ್ಟ ಸಾಮಾನಿಗೆ ಹತ್ತುತ್ತವೆ. ಆ ಹನಿಯಲ್ಲಿ ಇನ್ನೊಬ್ಬರ ರಕ್ತ ಇರುತ್ತದೆ. ನೀವು ಮೊಮ್ಮಕ್ಕಳು ಬಬಲೇಶ್ವರದಿಂದ ರಜೆಗೆ ಬಂದಾಗ, ನಾನು ಚಹಾ ಸೋಸುವ ಜಾಳಿಗೆಯನ್ನೂ ಬಕೆಟ್ಟಿನಲ್ಲಿ ಮುಳುಗಿಸಿ ತಿಕ್ಕುವುದನ್ನು ನೋಡಿ ನಗುತ್ತೀರಿ. ಆಯಿಗೆ ಎಲ್ಲದಕ್ಕೂ ಜಳಕ ಮಾಡಿಸುವ ಚಟ ಎನ್ನುತ್ತೀರಿ. ನಗಿರಿ, ಬೇಡ ಅನ್ನುವುದಿಲ್ಲ. ಆದರೆ ಆ ಚಟ ಎಲ್ಲಿಂದ ಬಂತು ಎಂಬುದು ನಿಮಗೆ ಗೊತ್ತಿರಲಿ. ಎದುರಿಗೆ ಕೂತು ಹೇಳಲು ಹೋದರೆ ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ತವರು ತಿಕೋಟಾ. ಅಲ್ಲಿಯ ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದೆ. ಅಕ್ಷರ ದುಂಡಗಿದ್ದವು, ಲೆಕ್ಕ ಬರುತ್ತಿತ್ತು. ಎದ್ದು ನಿಂತು ಉತ್ತರ ಹೇಳು ಎಂದರೆ ಮಾತ್ರ ಆಗುತ್ತಿರಲಿಲ್ಲ, ಪಾಟಿಯ ಮೇಲೆ ಬರೆದು ಮಾಸ್ತರರಿಗೆ ತೋರಿಸುತ್ತಿದ್ದೆ. ಮದುವೆಯಾಗಿ ಸಾರವಾಡಕ್ಕೆ ಬಂದ ಮೇಲೆ ಈ ಕೊರತೆಯೇ ಗುಣವಾಯಿತು. ನಮ್ಮ ಸೊಸೆಗೆ ಬಾಯಿಯೇ ಇಲ್ಲ ಎಂದು ಅತ್ತೆ ಓಣಿಯವರ ಮುಂದೆ ಹೇಳಿಕೊಂಡು ಹಿಗ್ಗುತ್ತಿದ್ದರು. ಮಾವನ ಎದುರು, ಗಂಡನ ಅಣ್ಣಂದಿರಾದ ಭಾವಂದಿರ ಎದುರು ತಲೆಯ ಸೆರಗು ಜಾರಬಾರದು, ದನಿ ಕೇಳಿಸಬಾರದು. ಮನೆಗೆ ಏನಾದರೂ ಬೇಕಾದರೆ ಅದಕ್ಕೂ ದಾರಿ ಇತ್ತು. ಎಣ್ಣೆ ತೀರಿದರೆ ಖಾಲಿ ಶೀಸೆಯನ್ನು ಹೊಸ್ತಿಲ ಹತ್ತಿರ ಇಡುತ್ತಿದ್ದೆ. ಸಂತೆಗೆ ಹೊರಟ ಮಾವ ಅದನ್ನು ನೋಡಿ ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದರು, ಸಂಜೆಗೆ ಅದು ತುಂಬಿ ಬರುತ್ತಿತ್ತು. ಬೆಲ್ಲದ ಡಬ್ಬಿಯೂ ಹಾಗೆಯೇ. ಒಂದು ಮಾತಿಲ್ಲದೆ ಒಂದು ಸಂಸಾರ ನಡೆಸಬಹುದು, ನಾನು ನಡೆಸಿದ್ದೇನೆ.

ನಿಮ್ಮ ಮುತ್ಯಾ, ಅಂದರೆ ನನ್ನ ಗಂಡ, ತೀರಿಕೊಂಡಾಗ ನಿಮ್ಮ ಅವ್ವ ಆಗಲೇ ಬಬಲೇಶ್ವರದ ಸೊಸೆಯಾಗಿದ್ದಳು. ಬಾ, ನಮ್ಮಲ್ಲೇ ಇರು ಎಂದಳು. ಮಗಳ ಮನೆಯಲ್ಲಿ ಕೈಕಟ್ಟಿ ಕೂಡುವ ವಯಸ್ಸು ನನ್ನದಾಗಿರಲಿಲ್ಲ. ವಿಜಯಪುರದ ಒಂದು ಸಣ್ಣ ಖಾಸಗಿ ದವಾಖಾನೆಯಲ್ಲಿ, ಆಪರೇಷನ್ನಿನ ಸಾಮಾನು ತೊಳೆಯಲು ಒಬ್ಬ ಹೆಣ್ಣುಮಗಳು ಬೇಕು ಎಂಬ ಸುದ್ದಿ ಬಂತು. ತಂದವರು ಅಲ್ಲಿಯ ಸ್ಟೋರು ನೋಡಿಕೊಳ್ಳುತ್ತಿದ್ದ ನಮ್ಮ ಊರಿನವರೇ. ನಿಮ್ಮ ಮುತ್ಯಾನ ದೊಡ್ಡಪ್ಪನ ಮಗ, ಅಂದರೆ ನನಗೆ ಭಾವ. ಆ ಸುದ್ದಿಯನ್ನು ಅವರು ನನಗೆ ಹೇಳಲಿಲ್ಲ. ತಮ್ಮ ಹೆಂಡತಿಗೆ ಹೇಳಿದರು, ಅವಳು ಬಂದು ನನಗೆ ಹೇಳಿದಳು, ನಾನು ಆಗಲಿ ಎಂದದ್ದನ್ನು ಅವಳು ಹೋಗಿ ಅವರಿಗೆ ಹೇಳಿದಳು. ಮರುದಿನ ಇಬ್ಬರೂ ಒಂದೇ ಬಸ್ಸಿಗೆ ಹತ್ತಿದೆವು. ಅವರು ಮುಂದಿನ ಸೀಟು, ನಾನು ಹಿಂದಿನದು.

ತೊಳೆಯುವ ಕೋಣೆ ಆಪರೇಷನ್ ಕೋಣೆಯ ಹಿಂದೆ ಇತ್ತು. ಉಕ್ಕಿನ ಎರಡು ತೊಟ್ಟಿ, ಗೋಡೆಗೆ ಮೊಳೆಗಳ ಸಾಲು, ಎತ್ತರದಲ್ಲಿ ಒಂದು ಕಿಟಕಿ. ಅಲ್ಲಿ ನನಗಿಂತ ಹಿರಿಯಳಾದ ಒಬ್ಬ ಮುಸಲ್ಮಾನ ಹೆಣ್ಣುಮಗಳು ಬಹಳ ವರ್ಷದಿಂದ ಕೆಲಸ ಮಾಡುತ್ತಿದ್ದರು. ವಿಜಯಪುರದಲ್ಲೇ ಹುಟ್ಟಿ ಬೆಳೆದವರು. ಎಲ್ಲರೂ ಆಪಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಕೆಲಸವನ್ನೆಲ್ಲ ಕಲಿಸಿದ್ದು ಅವರೇ.

ಮೊದಲ ದಿನ ನಾನು ಒಂದು ಇಕ್ಕಳವನ್ನು ಎತ್ತಿಕೊಂಡು, ಮನೆಯ ತಾಮ್ರದ ಕೊಡ ತಿಕ್ಕುವಂತೆ ಮೈಬಲವನ್ನೆಲ್ಲ ಹಾಕಿದ್ದೆ. ಆಪಾ ಕೈ ಹಿಡಿದರು. "ತಂಗಿ, ಇದು ಹಬ್ಬದ ಹಂಡೆ ಅಲ್ಲ. ಹೊಳಪು ಯಾರಿಗೂ ಬ್ಯಾಡ, ಸಂದಿ ಸ್ವಚ್ಛ ಬೇಕು," ಎಂದರು. ಕತ್ತರಿಯನ್ನು ಬಿಚ್ಚಿ ಅದರ ಕೀಲಿಗೆ ಬ್ರಷ್ ಹಾಕಬೇಕು. ಇಕ್ಕಳದ ಹಲ್ಲುಗಳು ಯಾವ ಕಡೆಗೆ ಓಡುತ್ತವೋ ಬ್ರಷ್ಷೂ ಆ ಕಡೆಗೇ ಓಡಬೇಕು. ತಂತಿಯ ಬ್ರಷ್ ಮುಟ್ಟಿಸಬಾರದು. ಅದು ಉಕ್ಕಿನ ಮೇಲೆ ಗೀರು ಬೀಳಿಸುತ್ತದೆ, ಹೊಲಸು ಆ ಗೀರಿನಲ್ಲಿ ಮನೆ ಮಾಡುತ್ತದೆ. ರಕ್ತ ಒಣಗಲು ಬಿಡಬಾರದು. ಇವೆಲ್ಲ ಬೇಗ ಕೈಗೆ ಕೂತವು.

ಕಷ್ಟವಿದ್ದದ್ದು ಕೊಳವೆಗಳದು. ಹೊಟ್ಟೆಗೆ ಸಣ್ಣ ತೂತು ಹಾಕಿ ಆಪರೇಷನ್ ಮಾಡುವಾಗ ಒಳಗಿನ ರಕ್ತ, ನೀರು ಹೀರಿ ತೆಗೆಯಲು ಉಕ್ಕಿನ ಉದ್ದನೆಯ, ಸಣ್ಣ ಬಾಯಿಯ ಕೊಳವೆ ಇರುತ್ತದೆ. ಒಳಗೆ ಕಣ್ಣು ಹೋಗುವುದಿಲ್ಲ, ಬೆರಳು ಹೋಗುವುದಿಲ್ಲ, ಬ್ರಷ್ ಒಂದೇ ಹೋಗಬೇಕು. ಅದರ ಅಳತೆ ಸರಿಯಾಗಿರಬೇಕು. ತೆಳುವಾಗಿದ್ದರೆ ಗೋಡೆಗೆ ತಾಗದೆ ಸುಮ್ಮನೆ ಓಡಾಡಿ ಬರುತ್ತದೆ, ದಪ್ಪಗಿದ್ದರೆ ಹೋಗುವುದೇ ಇಲ್ಲ, ಒತ್ತಿದರೆ ಬಾಗುತ್ತದೆ. ಒಂದು ತುದಿಯಿಂದ ತಳ್ಳಿ ಇನ್ನೊಂದು ತುದಿಯಿಂದ ಹೊರಗೆ ಬರಿಸಿ, ಕೂದಲನ್ನು ನೀರಲ್ಲಿ ಜಾಲಿಸಿ, ಆಮೇಲೆ ಹಿಂದಕ್ಕೆ ಎಳೆಯಬೇಕು. ಜಾಲಿಸದೆ ಎಳೆದರೆ ಹೊರಗೆ ತಂದ ಹೊಲಸನ್ನು ನಾವೇ ಮತ್ತೆ ಒಳಗೆ ಒಯ್ದಂತೆ. ಕೊನೆಗೆ ಪಿಚಕಾರಿಯಿಂದ ನೀರು ಹಾಯಿಸಿ, ಆ ನೀರನ್ನು ಬಿಳಿಯ ಬಟ್ಟೆಪಟ್ಟಿಯ ಮೇಲೆ ಬೀಳಿಸಿ ನೋಡಬೇಕು. ಪಟ್ಟಿ ಬಿಳಿಯಾಗಿಯೇ ಉಳಿದರೆ ಕೆಲಸ ಮುಗಿಯಿತು.

ಸಾಮಾನಿನಷ್ಟೇ ಕಾಳಜಿ ಬ್ರಷ್ಷಿಗೂ ಬೇಕು. ದಿನದ ಕೆಲಸ ಮುಗಿದ ಮೇಲೆ ಅದರ ಕೂದಲಲ್ಲಿ ಸಿಕ್ಕ ಎಳೆ, ಚೂರು ತೆಗೆದು, ತೊಳೆದು, ಔಷಧದ ನೀರಿನಲ್ಲಿ ನೆನೆಹಾಕಿ, ಮತ್ತೆ ತೊಳೆದು, ಕೂದಲು ಕೆಳಗಾಗುವಂತೆ ಮೊಳೆಗೆ ತೂಗುಹಾಕಬೇಕು. ಹಸಿ ಬ್ರಷ್ಷನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಮರುದಿನ ಅದೇ ರೋಗದ ಗೂಡು. ಕೂದಲು ಬಾಗಿತೋ, ಉದುರಿ ನಡುವಿನ ತಂತಿ ಕಂಡಿತೋ, ಅದರ ಕಾಲ ತೀರಿತು.

ಬೇಕಾದ ಸಾಮಾನು ಸ್ಟೋರಿನಿಂದ ಬರುತ್ತಿತ್ತು, ಸ್ಟೋರಿನಲ್ಲಿ ಭಾವನವರು ಇದ್ದರು. ಅವರು ನಮ್ಮ ಕೋಣೆಯ ಕಡೆ ಬರುವ ಮುಂಚೆ ಕೆಮ್ಮುತ್ತಿದ್ದರು, ನಾನು ಸೆರಗು ಸರಿಮಾಡಿಕೊಳ್ಳಲಿ ಎಂದು. ನನ್ನ ತಲೆಗೆ ಟೊಪ್ಪಿಗೆ, ಮುಖಕ್ಕೆ ಮಾಸ್ಕು, ಮೈಗೆ ಪ್ಲಾಸ್ಟಿಕ್ಕಿನ ಏಪ್ರನ್ನು ಇರುತ್ತಿದ್ದವು, ಯಾವ ಸೆರಗೂ ಅಷ್ಟು ಮುಚ್ಚುವುದಿಲ್ಲ. ಆದರೂ ಕೈ ತಲೆಗೆ ಹೊರಡುತ್ತಿತ್ತು, ಅದು ಗ್ಲೌಸು ಹಾಕಿದ ಕೈ ಎಂದು ನೆನಪಾಗಿ ನಡುವೆಯೇ ನಿಲ್ಲುತ್ತಿತ್ತು. ಅವರು ಬಾಗಿಲಾಚೆ ನಿಂತು ಗೋಡೆ ನೋಡುತ್ತಿದ್ದರು. ನಾನು ತೊಟ್ಟಿ ನೋಡುತ್ತಿದ್ದೆ. ನಡುವೆ ಆಪಾ.

ಗ್ಲೌಸು ಹರಿದಿವೆ ಅಂತ ಹೇಳ್ರಿ ಎಂದು ನಾನು ಆಪಾಗೆ ಹೇಳುವುದು. ಗ್ಲೌಸು ಹರಿದಿವೆಯಂತೆ ಎಂದು ಆಪಾ ಅವರಿಗೆ ಹೇಳುವುದು. ನಾಳೆ ಕೊಡುತ್ತೇನೆ ಅಂತ ಹೇಳ್ರಿ ಎಂದು ಅವರು ಆಪಾಗೆ ಹೇಳುವುದು. ಮೂವರೂ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆಪಾ ಒಮ್ಮೆ ಬೇಸತ್ತು, "ಇಬ್ಬರಿಗೂ ಕಿವಿ ಅದಾವು, ನನ್ನ ಬಾಯಿ ಯಾಕ ಸವಸ್ತೀರಿ?" ಎಂದರು. ಭಾವನವರು ನಕ್ಕರು, ನಾನೂ ಮಾಸ್ಕಿನೊಳಗೆ ನಕ್ಕೆ. ಆದರೆ ಪದ್ಧತಿ ಬದಲಾಗಲಿಲ್ಲ.

ಹೀಗಿರುವಾಗ ಆಪಾ ಮಗಳ ಬಾಣಂತನಕ್ಕೆಂದು ಸೋಲಾಪುರಕ್ಕೆ ಹೋದರು. ತೊಳೆಯುವ ಕೋಣೆಯಲ್ಲಿ ನಾನೊಬ್ಬಳೇ ಉಳಿದೆ. ಅದೇ ಸಮಯಕ್ಕೆ ಸಣ್ಣ ಕೊಳವೆಯ ಬ್ರಷ್ಷಿನ ಕೂದಲು ಬಾಗತೊಡಗಿತು. ಎಳೆಯುವಾಗ ಮೊದಲು ಗೋಡೆಗೆ ತಾಗಿ ಬರುವ ಬಿಗಿ ಕೈಗೆ ತಿಳಿಯುತ್ತಿತ್ತು. ಈಗ ಅದು ಇಲ್ಲ, ಬ್ರಷ್ ಸಲೀಸಾಗಿ ಜಾರಿ ಬರುತ್ತಿತ್ತು. ಸಲೀಸಾಗಿ ಬರುವುದೆಂದರೆ ಅದು ಏನನ್ನೂ ತಿಕ್ಕುತ್ತಿಲ್ಲ ಎಂದೇ ಅರ್ಥ.

ಆಪರೇಷನ್ ಕೋಣೆಯ ಹಿರಿಯ ಸಿಸ್ಟರಿಗೆ ಹೇಳಿದೆ. ಸ್ಟೋರಿಗೆ ಹೋಗಿ ಕೇಳಿ ತಗೊಳ್ಳಿ ಎಂದು ಅವರು ತಮ್ಮ ಕೆಲಸಕ್ಕೆ ಹೋದರು. ಅವರ ತಪ್ಪಲ್ಲ. ಕೇಳಿ ತಗೊಳ್ಳುವುದು ಒಬ್ಬ ಹೆಣ್ಣುಮಗಳಿಗೆ ಇಷ್ಟು ದೊಡ್ಡ ಕೆಲಸ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ನಾನು ನನಗೆ ಗೊತ್ತಿದ್ದ ದಾರಿಯನ್ನೇ ಹಿಡಿದೆ. ಭಾವನವರು ಊಟಕ್ಕೆ ಹೋದಾಗ, ಸವೆದ ಬ್ರಷ್ಷನ್ನು ತೊಳೆದು ಒಣಗಿಸಿ ಸ್ಟೋರಿನ ಮೇಜಿನ ಮೇಲೆ, ಕಣ್ಣಿಗೆ ಬೀಳುವಂತೆ ಇಟ್ಟು ಬಂದೆ. ಮರುದಿನ ನಮ್ಮ ಬಾಗಿಲ ಹತ್ತಿರ ಒಂದು ಪೊಟ್ಟಣ ಇತ್ತು. ಸಂತೋಷದಿಂದ ಬಿಚ್ಚಿದೆ. ಅದೇ ಬ್ರಷ್. ಯಾರೋ ಬಿಸಿನೀರಿನಲ್ಲಿ ಅದ್ದಿ ಕೂದಲನ್ನೆಲ್ಲ ನೆಟ್ಟಗೆ ಮಾಡಿ, ನವವಧುವಿನ ಹಾಗೆ ಸಿಂಗರಿಸಿ ಕಳಿಸಿದ್ದರು. ಒಂದು ಸಲ ನೀರಿಗೆ ಇಳಿಸಿದ್ದೇ ತಡ, ಕೂದಲು ಮತ್ತೆ ಮಲಗಿದವು.

ಚೀಟಿ ಬರೆಯಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಬರೆದೆ. ಕೊಳವೆ ತೊಳೆಯುವ ಹೊಸ ಬ್ರಷ್ ಬೇಕು ಎಂದು ದುಂಡಗೆ ಬರೆದು ಮೇಜಿನ ಮೇಲಿಟ್ಟೆ. ಹೊಸ ಬ್ರಷ್ಷೇ ಬಂತು, ಆದರೆ ದಪ್ಪನೆಯದು. ಹಳೆಯದರ ಹಿಡಿಕೆಯ ಮೇಲಿನ ನಂಬರು ಎಂದೋ ಅಳಿಸಿಹೋಗಿತ್ತು. ಎಷ್ಟು ದಪ್ಪ ಎಂಬುದು ನನ್ನ ಕೈಗೆ ಗೊತ್ತಿತ್ತು, ಕಾಗದದ ಮೇಲೆ ಹೇಗೆ ಬರೆಯುವುದೆಂದು ಗೊತ್ತಿರಲಿಲ್ಲ.

ಸೋಲಾಪುರಕ್ಕೆ ಫೋನು ಹಚ್ಚಿದೆ. ನೀವೇ ಅವರಿಗೆ ಫೋನಿನಲ್ಲಿ ಹೇಳಿರಿ ಎಂದು ಆಪಾಗೆ ಬೇಡಿಕೊಂಡೆ. ಆಚೆ ಕೂಸು ಅಳುತ್ತಿತ್ತು. "ನಾ ಇಲ್ಲಿ ಕೂಸಿನ ಕುಂಡಿ ತೊಳಿಲ್ಯೋ, ನಿನ್ನ ಬ್ರಷ್ ಕೇಳ್ಲ್ಯೋ? ನಿಮ್ಮ ಭಾವ ಏನ್ ಹುಲಿ ಏನ ಬೇ? ಹೋಗಿ ಕೇಳು," ಎಂದು ಇಟ್ಟುಬಿಟ್ಟರು.

ಆದರೂ ಕೇಳಲಿಲ್ಲ. ಕೊಳವೆಯನ್ನು ಹೆಚ್ಚು ಹೊತ್ತು ನೆನೆಸಿ, ಹಳೆಯ ಬ್ರಷ್ಷನ್ನೇ ಮತ್ತೆ ಮತ್ತೆ ಆಡಿಸಿ, ಪಟ್ಟಿ ಬಿಳಿಯಾಗುವವರೆಗೆ ನೀರು ಹಾಯಿಸಿ ದಿನ ದೂಡಿದೆ. ಒಂದು ಮಧ್ಯಾಹ್ನ ಆ ಉಪಾಯವೂ ಮುಗಿಯಿತು. ಅಂದು ದೊಡ್ಡ ಆಪರೇಷನ್ ಆಗಿತ್ತು. ಕೊಳವೆಯನ್ನು ಎಷ್ಟು ತಿಕ್ಕಿದರೂ ಪಟ್ಟಿಯ ಮೇಲೆ ಕಂದು ಚುಕ್ಕೆ ಬೀಳುತ್ತಲೇ ಇತ್ತು. ಮರುದಿನ ಮುಂಜಾನೆ ಅದೇ ಕೊಳವೆ ಇನ್ನೊಬ್ಬರ ಹೊಟ್ಟೆಯೊಳಗೆ ಹೋಗಬೇಕು. ಆ ಅಳತೆಯದು ನಮ್ಮಲ್ಲಿ ಅದೊಂದೇ ಇತ್ತು. ಮರುದಿನದ ಆಪರೇಷನ್ ಇಟ್ಟಂಗಿಹಾಳದಿಂದ ಬಂದ ಒಬ್ಬ ಹೆಣ್ಣುಮಗಳದು, ಪಿತ್ತಕೋಶದಲ್ಲಿ ಕಲ್ಲು. ನಾನು ಮುಂಜಾನೆ ಬರುವಾಗ ಅವಳು ಮೊಗಸಾಲೆಯ ಬಾಕಿನ ಮೇಲೆ ಕೂತು, ತನ್ನ ತಾಯಿಯ ಕೈಯಿಂದ ಕೂದಲಿಗೆ ಹೆಣಿಕೆ ಹಾಕಿಸಿಕೊಳ್ಳುತ್ತಿದ್ದಳು.

ತೊಳೆದದ್ದೆಲ್ಲ ಆಮೇಲೆ ಹಬೆಯ ಯಂತ್ರಕ್ಕೆ ಹೋಗುತ್ತದಲ್ಲ, ಕುದಿದು ಎಲ್ಲ ಸಾಯುತ್ತದೆ ಎಂದು ಯಾರಾದರೂ ಹೇಳಬಹುದು. ಆಪಾ ಮೊದಲೇ ಹೇಳಿದ್ದರು, ಹೊಲಸಿನ ಕೆಳಗೆ ಹಬೆ ಮುಟ್ಟುವುದಿಲ್ಲ, ಕುದಿಸಿದ ಹೊಲಸು ಇನ್ನೂ ಗಟ್ಟಿಯಾಗಿ ಕೂಡುತ್ತದೆ. ಹಬೆಗೆ ಮುಂಚಿನ ಕೊನೆಯ ಕೈ ನನ್ನದು. ನನ್ನ ಹಿಂದೆ ಮತ್ತೊಬ್ಬರು ತೊಳೆಯುವವರಿಲ್ಲ.

ಪಟ್ಟಿಯ ಮೇಲಿನ ಆ ಚುಕ್ಕೆ ನೋಡುತ್ತ ನಿಂತೆ. ನಾನು ಮಾತಾಡಿದರೆ ಸಾರವಾಡದಲ್ಲಿ ನನ್ನ ಹೆಸರಿಗೆ ಒಂದು ಮಾತು ಬರುತ್ತದೆ. ಮಾತಾಡದಿದ್ದರೆ ಆ ಹೆಣ್ಣುಮಗಳ ಹೊಟ್ಟೆಗೆ ಇನ್ನೊಬ್ಬರ ರಕ್ತ ಹೋಗುತ್ತದೆ. ತೂಗಿ ನೋಡುವ ಮಾತೇ ಇರಲಿಲ್ಲ. ಕೊಳವೆಯನ್ನು ಔಷಧದ ನೀರಿನಲ್ಲಿ ಮುಳುಗಿಸಿಟ್ಟೆ. ಗ್ಲೌಸು, ಏಪ್ರನ್ನು, ಮಾಸ್ಕು ತೆಗೆದು ಕೈ ತೊಳೆದುಕೊಂಡೆ. ಅವನ್ನು ಹಾಕಿಕೊಂಡು ಹೊರಗೆ ಹೋಗುವ ಹಾಗಿಲ್ಲ, ಬರಿಯ ಮುಖದಲ್ಲೇ ಹೋಗಬೇಕಾಯಿತು.

ಭಾವನವರು ಸ್ಟೋರಿನಲ್ಲಿ ಹತ್ತಿಯ ಸುರುಳಿಗಳನ್ನು ಕಪಾಟಿಗೆ ಜೋಡಿಸುತ್ತಿದ್ದರು. ನಾನು ಬಾಗಿಲಲ್ಲಿ ನಿಂತೆ. ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು.

"ಸಣ್ಣ ಕೊಳವಿ ಬ್ರಷ್ ಬೇಕಾಗ್ಯಾದರಿ."

ಅವರು ತಿರುಗಿ, ನನ್ನ ಹಿಂದೆ ಯಾರಿದ್ದಾರೆ ಎಂದು ಹಣಿಕಿ ನೋಡಿದರು. ಯಾರೂ ಇರಲಿಲ್ಲ.

"ನನಗ ಹೇಳಾಕತ್ತೀಯೇನವಾ?"

"ನಿಮಗರಿ."

ಕೈಯಲ್ಲಿದ್ದ ಹತ್ತಿಯನ್ನು ಮೇಜಿನ ಮೇಲಿಟ್ಟು, ಅಭ್ಯಾಸದಂತೆ ಗೋಡೆಯ ಕಡೆ ನೋಡಿದರು. "ಮನ್ನೆ ಕೊಟ್ಟೀನಲ್ಲ," ಎಂದರು.

"ಅದು ದಪ್ಪ ಅದರಿ, ಒಳಗ ಹೋಗಂಗಿಲ್ಲ. ಹಳೇದು ಸವದದ. ಅದನ್ನ ನಾ ಮೇಜಿನ ಮ್ಯಾಲ ಇಟ್ಟಿದ್ದು ಹೊಸಾದು ಕೊಡ್ರಿ ಅಂತ."

"ನೀ ವಾಪಸ್ ಕೊಟ್ಟಿ ಅಂತ ತಿಳಕೊಂಡ್ನಿ ನಾ. ಎಷ್ಟ ಜತನ ಮಾಡಿ ನೆಟ್ಟಗ ಮಾಡಿದ್ನಿ ಅದನ್ನ. ಚಂದ ಆಗಿತ್ತಿಲ್ಲೋ?"

"ಚಂದ ಆಗಿತ್ತರಿ. ಕೆಲಸಕ್ಕ ಬರಲಿಲ್ಲ."

ಅವರ ಮೀಸೆ ಅಲುಗಾಡಿತು. ಕಪಾಟಿನ ತಳದಿಂದ ಒಂದು ಡಬ್ಬಿ ತೆಗೆದು, ಇದ್ದ ಬ್ರಷ್ಷುಗಳನ್ನೆಲ್ಲ ಮೇಜಿನ ಮೇಲೆ ಹರವಿದರು. ನಾನು ಒಂದೊಂದನ್ನೇ ನೋಡಿ ಬದಿಗಿಟ್ಟೆ. ಒಂದೂ ಆಗಲಿಲ್ಲ. ಸೋಮವಾರ ಮಾಲು ಬರುತ್ತದೆ, ಅದರಲ್ಲಿ ತರಿಸುತ್ತೇನೆ ಎಂದರು. ಸಾಮಾನ್ಯವಾಗಿ ಇಂಥ ಉತ್ತರ ಸಿಕ್ಕರೆ ನಾನು ತಲೆ ಅಲ್ಲಾಡಿಸಿ ಬರುವವಳು.

"ಸೋಮವಾರ ತನಕ ಆ ಕೊಳವಿ ಸೆಟ್ ನಾ ಕೊಡಂಗಿಲ್ರಿ," ಎಂದೆ.

"ನಾಳೆ ಮುಂಜಾನೆ ಆಪರೇಷನ್ ಅದಲ್ಲವಾ."

"ಅದರಿ. ಅದಕ್ಕ ಇವತ್ತ ಬೇಕು."

ಈ ಸಲ ಅವರು ಗೋಡೆ ನೋಡಲಿಲ್ಲ. ಮದುವೆಯಾಗಿ ಬಂದಾಗಿನಿಂದ ಆ ಮನುಷ್ಯ ನನ್ನ ಮುಖವನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು. "ಅಳತಿ ಏನಂತ ಹೇಳ್ಲಿ ಅಂಗಡಿಯಾಗ?" ಎಂದು ಕೇಳಿದರು. ಹೊಲಸು ಕೊಳವೆಯನ್ನು ಪೇಟೆಗೆ ಕಳಿಸುವ ಹಾಗಿಲ್ಲ. ನಾನು ಕೋಣೆಗೆ ಹೋಗಿ, ಗ್ಲೌಸು ಹಾಕಿಕೊಂಡು ಕೊಳವೆಯ ಬಾಯಿಗೆ ಪ್ಲಾಸ್ಟಿಕ್ಕಿನ ಒಂದು ಕಡ್ಡಿ ಹಿಡಿದೆ. ಅದು ಸಡಿಲಾಯಿತು. ಕಡ್ಡಿಗೆ ದಾರ ಸುತ್ತಿದೆ, ಹಿಡಿದು ನೋಡಿದೆ, ಮತ್ತೆ ಸುತ್ತಿದೆ. ಬಿಗಿಯಾಗಿ ಕೂತಾಗ ತೆಗೆದು, ಔಷಧದಲ್ಲಿ ಅದ್ದಿ ತೊಳೆದು, ಒರೆಸಿ ಒಯ್ದು ಮೇಜಿನ ಮೇಲಿಟ್ಟೆ. ಇಷ್ಟು ದಪ್ಪ, ಇದಕ್ಕಿಂತ ಒಂದು ಎಳೆ ಹೆಚ್ಚಿದ್ದರೂ ನಡೆಯುತ್ತದೆ, ಕಡಿಮೆ ಬೇಡ ಎಂದೆ. ಅವರು ಅದನ್ನು ಕಾಗದದಲ್ಲಿ ಸುತ್ತಿ ಅಂಗಿಯ ಕಿಸೆಗೆ ಹಾಕಿಕೊಂಡು, ದವಾಖಾನೆಯ ಸ್ಕೂಟರ್ ತಗೊಂಡು ಬಿಸಿಲಲ್ಲೇ ಪೇಟೆಗೆ ಹೋದರು.

ಅವರು ಹೋದ ಸ್ವಲ್ಪ ಹೊತ್ತಿಗೆ ಹಿರಿಯ ಸಿಸ್ಟರು ಬಂದರು. ಉಳಿದ ಸೆಟ್ಟುಗಳೆಲ್ಲ ಹಬೆಗೆ ಹೋಗಿವೆ, ಇದೊಂದು ಯಾಕೆ ನೀರಲ್ಲಿದೆ ಎಂದು ಕೇಳಿದರು. ನಾನು ಪಟ್ಟಿ ತೋರಿಸಿದೆ. ಇನ್ನೊಮ್ಮೆ ನೀರು ಹೊಡೆದು ಕಳಿಸಿ, ಹೊತ್ತಾಗುತ್ತದೆ ಎಂದರು. ಕಳಿಸುವುದಿಲ್ಲ ಎಂದೆ. ಅವರಿಗೆ ಸಿಟ್ಟು ಬಂತು.

"ಡಾಕ್ಟರ್ ಕೇಳಿದ್ರ ನಾ ಏನ್ ಹೇಳ್ಬೇಕ್ರಿ?"

"ನಾನ ಹೇಳ್ತೀನ್ರಿ ಸಿಸ್ಟರ. ಕರ್ಕೊಂಡ ನಡೀರಿ."

ಅಂದು ಮಧ್ಯಾಹ್ನ ಭಾವನೊಂದಿಗೆ ಮಾತಾಡಿದ ಬಾಯಿಗೆ ಡಾಕ್ಟರು ಏನು ದೊಡ್ಡವರು ಅನ್ನಿಸಿರಬೇಕು. ಸಿಸ್ಟರು ಪಟ್ಟಿಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದರು. ಆ ಸೆಟ್ಟು ಸಂಜೆಗೆ ಆಗುತ್ತದೆ ಎಂದು ತಾವೇ ಹೇಳುತ್ತೇನೆಂದು ಹೋದರು. ನಾನು ಕೊಳವೆಯ ನೀರು ಚೆಲ್ಲಿ ಹೊಸದು ಹಾಕಿ ಕಾದೆ.

ಭಾವನವರು ಬೆವರಿಳಿಸುತ್ತ ಬಂದಾಗ ಕೈಯಲ್ಲಿ ಎರಡು ಬ್ರಷ್ ಇದ್ದವು. ಒಂದು ಸವೆದರೆ ಇನ್ನೊಂದಿರಲಿ ಎಂದರು. ನೇರ ನನಗೇ ಹೇಳಿದರು. ಬ್ರಷ್ಷನ್ನು ನೀರಿನೊಳಗೆ ಕೊಳವೆಗೆ ಇಳಿಸಿದೆ. ಆ ಬಿಗಿ ಕೈಗೆ ತಿಳಿಯಿತು. ಆಚೆಯ ತುದಿಯಿಂದ ಕೂದಲು ಹೊರಬಂದಾಗ ಅದರ ಜೊತೆ ಕರಿಯ ಚೂರುಗಳು ಬಂದವು, ನನ್ನ ಕಣ್ಣಿಗೆ ಇಷ್ಟು ದಿನ ಕಾಣದೆ ಒಳಗೆ ಅಂಟಿಕೊಂಡಿದ್ದವು. ಜಾಲಿಸಿ ಎಳೆದೆ, ತಳ್ಳಿದೆ, ಎಳೆದೆ. ಪಿಚಕಾರಿಯಿಂದ ನೀರು ಹಾಯಿಸಿದೆ. ಪಟ್ಟಿ ಬಿಳಿಯಾಗಿ ಉಳಿಯಿತು. ಮತ್ತೊಂದು ಪಟ್ಟಿ ಹಿಡಿದೆ, ಅದೂ ಬಿಳಿ. ಕೊಳವೆ ಹಬೆಗೆ ಹೋಯಿತು. ಹಳೆಯ ಬ್ರಷ್ಷನ್ನು ಕತ್ತರಿಯಿಂದ ಎರಡು ತುಂಡು ಮಾಡಿ ಬಿಸಾಡಿದೆ, ಇನ್ನು ಯಾರೂ ಅದನ್ನು ನೆಟ್ಟಗೆ ಮಾಡಲು ಕೂಡಬಾರದು. ಅಂದಿನಿಂದ ಸವೆದ ಬ್ರಷ್ಷನ್ನು ಹಾಗೆಯೇ ಮಾಡುತ್ತೇನೆ.

ಮರುದಿನ ಆಪರೇಷನ್ ಆಯಿತು. ಇಟ್ಟಂಗಿಹಾಳದ ಆ ಹೆಣ್ಣುಮಗಳು ಕೆಲವು ದಿನಗಳಲ್ಲಿ ಮನೆಗೆ ಹೋದಳು. ನನ್ನನ್ನು ಅವಳು ನೋಡಲಿಲ್ಲ, ನೋಡಬೇಕಾದ ಕಾರಣವೂ ಇರಲಿಲ್ಲ.

ಸುದ್ದಿ ಮಾತ್ರ ನನಗಿಂತ ಮೊದಲೇ ಸಾರವಾಡ ಸೇರಿತ್ತು. ಆ ವಾರವೇ ಒಂದು ಸಂಜೆ ಭಾವನವರ ಹೆಂಡತಿ, ನನಗೆ ನೆಗೆಣ್ಣಿಯಾಗಬೇಕಾದವಳು, ಹಿಂಡಿ ಕುಟ್ಟುವ ನೆಪ ಮಾಡಿ ನಮ್ಮ ಮನೆಗೆ ಬಂದಳು. ಹಿಂಡಿ ಎಂದರೆ ನಿಮಗೆ ಗೊತ್ತಲ್ಲ, ಶೇಂಗಾದ ಚಟ್ನಿಪುಡಿ. ಒಂದಿಷ್ಟು ಕುಟ್ಟಿದಳು, ಒನಕೆ ನಿಲ್ಲಿಸಿದಳು.

"ನಮ್ಮ ಮನಿಯವರನ್ನ ಬಿಸಲಾಗ ಪ್ಯಾಟಿಗೆ ಓಡಿಸಿದೆಂತಲ್ಲ?"

"ಹೂಂ. ಬ್ರಷ್ ಬೇಕಾಗಿತ್ತು."

"ಮಾರಿ ಎತ್ತಿ ಮಾತಾಡಿದಳು ಅಂತ ಓಣ್ಯಾಗ ಅನ್ನಾಕತ್ತಾರ."

"ಖರೇನ ಅದ. ಮಾತಾಡೀನಿ."

ಅವಳು ನಾನು ಅಳುತ್ತೇನೋ ಎಂದು ನೋಡಿದಳು. ನಾನು ಶೇಂಗಾದ ಸಿಪ್ಪೆ ಕೇರುತ್ತಿದ್ದೆ. ಅವಳು ಕೆಟ್ಟವಳಲ್ಲ, ನಿಜವಾಗಿಯೂ ನನ್ನ ಮಾನದ ಚಿಂತೆ ಅವಳಿಗಿತ್ತು. ಒನಕೆಯನ್ನು ಗೋಡೆಗೆ ಆನಿಸಿ ನನ್ನ ಪಕ್ಕಕ್ಕೆ ಸರಿದು ಕೂತಳು. ಇನ್ನು ಮುಂದೆ ಏನು ಬೇಕಾದರೂ ತನಗೆ ಹೇಳು, ರಾತ್ರಿ ಊಟಕ್ಕೆ ಬಡಿಸುವಾಗ ತಾನು ಅವರ ಕಿವಿಗೆ ಹಾಕುತ್ತೇನೆ, ಮರುದಿನ ಸಾಮಾನು ನಿನ್ನ ಬಾಗಿಲಿಗೆ ಬರುತ್ತದೆ, ಯಾರ ಬಾಯಿಗೂ ಬೀಳುವುದು ಬೇಡ ಎಂದಳು. ಇವತ್ತಿಗೆ ಏನಾದರೂ ಬೇಕಾಗಿದೆಯೇ ಎಂದೂ ಕೇಳಿದಳು.

ಬೇಕಾಗಿತ್ತು. ಕತ್ತರಿಯ ಕೀಲಿಗೆ ಹಾಕುವ ಬ್ರಷ್ಷಿನ ಕೂದಲು ಒಂದು ಬದಿಗೆ ಬಾಗತೊಡಗಿದ್ದವು.

"ಬೇಕಾಗ್ಯಾದ," ಎಂದೆ. "ನೀ ಹೇಳಬ್ಯಾಡ. ನಾಳೆ ನಾನ ಕೇಳ್ತೀನಿ."